ಕುರಿಮರಿಗೆ ಎರಡು ಸೇರು ಕಡಿಮೆ

ಕೊಯಮತ್ತೂರಿನ ಕಂಪನಿ ಕಳಿಸಿದ ಫಾರಮ್ಮಿನಲ್ಲಿ
ಹದಿನಾಲ್ಕು ಕಾಲಂ.
ಗೋಪುರದ ಎತ್ತರ, ಗಂಟೆಯ ಬಾಯಿಯ ಅಗಲ,
ಕರೆಂಟು ಸಿಂಗಲ್ ಫೇಸೋ ತ್ರೀ ಫೇಸೋ,
ಕಡೆಗೆ, ನಾಲಗೆಯ ತೂಕ.
ತುಂಬಿಕೊಂಡು ಬಾ ಹುಸೇನಪ್ಪ, ಎಂದರು ಪಾದ್ರಿಗಳು,
ಚೌರಪ್ಪನಿಗೆ ಇನ್ನು ಹತ್ತಲಾಗುವುದಿಲ್ಲ,
ಮೋಟಾರು ಕೂರಿಸಿಬಿಡೋಣ.

ಲಿಂಗಸುಗೂರಿನಿಂದ ಮುದಗಲ್ಲಿಗೆ ಬಸ್ಸು,
ಅಲ್ಲಿಂದ ನೆತ್ತಿಗುಡ್ಡಕ್ಕೆ ಟಂಟಂ,
ಟಂಟಂ ನಿಂತಲ್ಲಿಂದ ಬರೀ ಕಲ್ಲು.
ನಾವು ಹತ್ತಿದಂತೆ ಮನೆಗಳೂ ಹತ್ತುತ್ತವೆ
ಒಂದರ ಹೆಗಲಿಗೊಂದು,
ಒಬ್ಬರ ಮಾಳಿಗೆ ಇನ್ನೊಬ್ಬರ ಅಂಗಳ.
ಒಣಗಲಿಟ್ಟ ಮೆಣಸಿನಕಾಯಿ ದಾಟಿ
ಕೊನೆಗೆ ಗೋಪುರ,
ಬಂಡೆಗೆ ಬೆನ್ನು ಕೊಟ್ಟ ಮುದುಕನಂತೆ.
ಅಲ್ಲ, ಮುದುಕ ಅದರ ಬುಡದಲ್ಲಿ ಕೂತಿದ್ದ
ಎಲೆಗೆ ಸುಣ್ಣ ಹಚ್ಚುತ್ತ.

"ನನಗ ಹತ್ತಾಕ ಆಗೂದಿಲ್ಲಂತ ಯಾರು ಹೇಳಿದ್ರು?"
ಎದ್ದು ಮುಂದೆ ನಡೆದ.
ಅರವತ್ತೊಂದು ಮೆಟ್ಟಿಲು. ಎಣಿಸಿದೆ, ಅದೂ ಒಂದು ಕಾಲಂ.
ಇಪ್ಪತ್ತರಲ್ಲಿ ನನ್ನ ಟೂಲ್ ಬ್ಯಾಗು ಅವನ ಹೆಗಲಿಗೆ ಹೋಯಿತು,
ನಲವತ್ತರಲ್ಲಿ ನನ್ನ ಮಾತು ನಿಂತಿತು.
ಕತ್ತಲು, ಪಾರಿವಾಳದ ಹಿಕ್ಕೆಯ ವಾಸನೆ,
ಕಣ್ಣಿನ ಮುಂದೆ ಅವನ ಹಿಮ್ಮಡಿ, ಎರೆಹೊಲದಂತೆ ಬಿರಿದದ್ದು.
ಯಾವ ಮೆಟ್ಟಿಲು ಸವೆದಿದೆ, ಯಾವುದು ಅಲುಗುತ್ತದೆ,
ಆ ಹಿಮ್ಮಡಿಗೆ ಗೊತ್ತು.

ಮೇಲೆ ಗಾಳಿ. ಗಾಳಿಯ ನಡುವೆ ಗಂಟೆ.
ಹಸಿರುಗಟ್ಟಿದ ಕಂಚು, ಸೊಂಟದ ಸುತ್ತ ಪರದೇಶದ ಅಕ್ಷರ.
ಇಟಲಿಯಲ್ಲಿ ಎರಕ ಹೊಯ್ದದ್ದಂತೆ,
ಹಡಗಿನಲ್ಲಿ ಗೋವೆ, ಗೋವೆಯಿಂದ ಎಂಟೆತ್ತಿನ ಬಂಡಿ.
ಚೌರಪ್ಪ ಓದು ಬಲ್ಲವನಲ್ಲ,
ಬೆರಳಿನಿಂದ ಅಕ್ಷರ ಸವರಿ ಹೇಳಿದ:
"ಅದರ ಊರೂ ಹಿಂಗ ಗುಡ್ಡದ ಮ್ಯಾಲ ಐತಂತ್ರಿ.
ಅದಕ್ಕ ಇದಕ್ಕಿಲ್ಲಿ ಬ್ಯಾಸರಾಗಿಲ್ಲ.
ಬಯಲಾಗ ಇಟ್ಟಿದ್ರ ಒಡೀತಿತ್ತು."

ಕಿಂಡಿಯಾಚೆ ದೂರಕ್ಕೆ ಮುದಗಲ್ಲಿನ ಕೋಟೆ,
ಯಾರೋ ಬಿಚ್ಚಿಟ್ಟ ಕಲ್ಲಿನ ನಡುಪಟ್ಟಿ.
ಸಜ್ಜೆ, ತೊಗರಿ, ಮೊಬೈಲ್ ಟವರು.
ಎಲ್ಲೋ ಒಂದು ಮೇಕೆ ಕೆಮ್ಮಿದ್ದು ಇಲ್ಲಿಗೆ ಕೇಳಿತು.

ಟೇಪು ಹಿಡಿದೆ. ಬಾಯಿ ಮೂವತ್ತೊಂದು ಇಂಚು.
ಎಷ್ಟು ಥರ ಬಾರಿಸ್ತೀರಿ? ಮೋಟಾರಿಗೆ ನಾಲ್ಕು ಗುಂಡಿ.
ಅವನು ಬೆರಳು ಮಡಚತೊಡಗಿದ:
ಬೆಳಗಿನದು, ಸಂಜೆಯದು, ಪೂಜೆಯದು, ಮದುವೆಯದು,
ಗಂಡಸು ಸತ್ತರೆ ಮೂರು, ಹೆಂಗಸಿಗೆ ಎರಡು,
ಬಣವೆಗೆ ಬೆಂಕಿ ಬಿದ್ದರೆ, ಬಾವಿಗೆ ಯಾರಾದರೂ ಬಿದ್ದರೆ
"ಅದಕ್ಕ ತಾಳ ಇಲ್ರಿ, ಕೈಗೆ ಬಂದಂಗ."
ಕೂಸು ಹೋದರೆ ನಾಲಗೆಗೆ ಅರಿವೆ ಸುತ್ತಿ.
ಅಷ್ಟು ಹೇಳಿ, ಎಲೆ ಉಗುಳಲು
ಬಂಡೆಯ ಕಡೆಯ ಕಿಂಡಿಗೆ ಹೋದ.
ಬಹಳ ಹೊತ್ತು ಉಗುಳಿದ.

ಉಳಿದದ್ದು ಒಂದು ಕಾಲಂ.
ನಾಲಗೆಯನ್ನು ತಬ್ಬಿ ಎತ್ತಿ ನೋಡಿದೆ,
ಕಬ್ಬಿಣ ಎದೆಗೆ ತಣ್ಣಗೆ ಒತ್ತಿತು,
ಲೆಕ್ಕ ಸಿಗಲಿಲ್ಲ.
"ತೂಗ್ಯಾರ್ರಿ ಒಮ್ಮೆ, ಕೊಂಡಿ ಮುರಿದಾಗ.
ನಮ್ಮಜ್ಜ ಕೆಳಗಿಳಿಸಿ ಸಂತ್ಯಾಗಿನ ತಕ್ಕಡಿಗೆ ಹಾಕಿದ.
ಕಲ್ಲು ಸಾಲಲಿಲ್ಲ, ಆ ಕಡೆ ಕುರಿಮರಿ ನಿಂದ್ರಿಸಿದ್ರು.
ಮರೀನ ಎರಡು ಸೇರು ಹೆಚ್ಚಾತು."
ಬರೆದುಕೋ ಎಂಬಂತೆ ನನ್ನ ಪೆನ್ನು ನೋಡಿದ.
ಬರೆದೆ.

ಇಳಿಯುವ ಮುಂಚೆ ಹಗ್ಗ ಕೈಗೆ ಕೊಟ್ಟ.
ಎಳೆದೆ. ಗಂಟೆ ಸುಮ್ಮನಿತ್ತು. ಜೋರಾಗಿ ಎಳೆದೆ.
"ಎಳೀಬ್ಯಾಡ್ರಿ, ಬಿಡ್ರಿ" ಎಂದ.
ಬಿಟ್ಟೆ.
ಅದು ಬಡಿದದ್ದು ಕಿವಿಗಲ್ಲ, ಹಲ್ಲಿಗೆ.
ಕೆಳಗೆ ಮಾಳಿಗೆ ಮಾಳಿಗೆಯ ಮೇಲೂ ಹೆಂಗಸರು ತಲೆಯೆತ್ತಿದರು,
ಹೊತ್ತಲ್ಲದ ಹೊತ್ತಿನಲ್ಲಿ ಯಾರು ಹೋದರೆಂದು.
ಚೌರಪ್ಪ ಕಿಂಡಿಯಿಂದ ಎರಡೂ ಕೈ ಬೀಸಿದ:
"ಯಾರಿಲ್ಲ, ಯಾರಿಲ್ಲ!
ಕರೆಂಟಿನವ!"

ವಾರದ ಮೇಲೆ ಕೊಯಮತ್ತೂರಿನ ಹುಡುಗ ಫೋನು ಮಾಡಿದ,
ಮುರುಕು ಕನ್ನಡದಲ್ಲಿ:
ಸಾರ್, ಹದಿನಾಲ್ಕನೇ ಕಾಲಂ.
ಈ ಕುರಿಮರಿ ಎಷ್ಟು ಕೆಜಿ ಸಾರ್?
ಅಂಗಡಿಯಲ್ಲಿ ಗಿರಾಕಿ ಇದ್ದರು,
ಯಾರದೋ ಮಿಕ್ಸಿ ಬಿಚ್ಚಿ ಹರಡಿಕೊಂಡಿದ್ದೆ.
ಎಷ್ಟು ತಿಂಗಳ ಮರಿ ಅಂತ ಕೇಳಬೇಕಪ್ಪ, ಎಂದೆ,
ಇನ್ನೊಮ್ಮೆ ಹತ್ತಿ ಬರಬೇಕು.