ಮೂರನೇ ತೂತು

ದಾನಮ್ಮಾ, ಆ ಹಸಿರು ಡಬ್ಬಿ ಅಲ್ಲ, ಅದರ ಹಿಂದಿಂದು ತಾ.
ಹಸಿರಿನೊಳಗಿನವು ರೇಡಿಯೋದ ಹೊಟ್ಟೀಗೆ ಸಾಕು,
ಗೋಡೀ ಕರೆಂಟಿನ ಮುಂದ ನಿಲ್ಲೂ ಎದಿ ಅವಕ್ಕಿಲ್ಲ.
ಆರುನೂರಾ ಮೂವತ್ತು ವೋಲ್ಟ್ ಅಂತ ಮೈಮ್ಯಾಲೆ ಬರಕೊಂಡಾವ, ಖರೆ.
ಅದು ಡೀಸಿ ಮಾತು,
ಒಂದೇ ದಿಕ್ಕಿಗೆ ಒತ್ತೂ ಕೆರಿ ನೀರು.
ಇದು ಸೆಕೆಂಡಿಗೆ ಐವತ್ತು ಸಲ ಹೋಗಿ ಬಂದು ಎಳದಾಡೂದು.
ಹಿಂದಿನ ಓಣಿಯ ಮಗ್ಗದ ಮೋಟರು ಬಂದಾದಾಗೊಮ್ಮೆ
ಸಾವಿರ ದಾಟಿ ಜಿಗೀತದ.

ಕಸ್ತೂರಬಾಯಿ ಕೋರೆ ಅವರ ಮಿಕ್ಸರು, ಸ್ಟೀಲ್ ಮೈಯಿಂದು.
ಮೈಂದರ್ಗಿ ರಸ್ತೆದಾಗ ದಿನಾ ಮೂವತ್ತು ಕಿಲೋ
ಶೇಂಗಾ ಚಟ್ನಿ ಅರೀತದ. ಬಿಚ್ಚಿದರ ಇನ್ನೂ
ಬಳ್ಳೊಳ್ಳಿ, ಕೆಂಪ ಖಾರದ ವಾಸನಿ.
“ಮುಟ್ಟಿದರ ಜುಮ್ ಅಂತದೋ ರೇವಣಸಿದ್ಧಾ,
ಅಡಗಿ ಮನಿಯೊಳಗ ಚಪ್ಪಲಿ ಮೆಟ್ಟಿ ನಿಂದರಲೇನು?”

ನೋಡಿಲ್ಲಿ. ವೈ ಇರೂ ಜಾಗದಾಗ ಯಾರೋ ಪುಣ್ಯಾತ್ಮ
ಎರಡು ರೂಪಾಯಿ ನೀಲಿ ಬಿಲ್ಲೆ ಕೂಡ್ರಿಸ್ಯಾನ.
ಅಂಚಿನಾಗ ಕೂದಲೆಳಿಯಷ್ಟು ಕರೇ ಗೆರಿ.

ಎಕ್ಸ್ ಅನ್ನೂದು ಎರಡು ತಂತಿಯ ನಡುವ ಮಲಗೂದು.
ಪೆಟ್ಟು ಬಿದ್ದಲ್ಲಿ ಒಳಗಿನ ಜರಿ ಸುಟ್ಟು
ತೂತಿನ ಸುತ್ತ ಬಯಲಾಗಿ, ಮತ್ತ ಕೆಲಸಕ್ಕ ಹತ್ತತದ.
ಗಾಯಕ್ಕಿಷ್ಟು ಮೈ ಕಳಕೊಂತದ, ಮೀಟರಿಗಷ್ಟ ಗೊತ್ತು.
ಕೆಟ್ಟರ ಫ್ಯೂಜ್ ಹಾರತದ, ಭಾಳಾದರ ಹೊಗಿ.

ವೈ ಹಂಗಲ್ಲ. ಒಂದು ಕಾಲು ಫೇಜಿನಾಗ,
ಇನ್ನೊಂದು ಕಸ್ತೂರಬಾಯಿ ಅಂಗೈ ಇಡೂ ಸ್ಟೀಲಿನ ಮ್ಯಾಲೆ.
ಅದು ಕೂಡಿಕೊಂಡು ಸಾಯಬಾರದು, ಬಿಟ್ಟುಕೊಂಡು ಸಾಯಬೇಕು.
ಹೆಂಗ ಸಾಯತದ ಅಂತ ನೋಡೇ ಅದಕ್ಕ ಆ ಹೆಸರು.

ತಪಕೀರ ಡಬ್ಬಿಯೊಳಗ ಏನಿಟ್ಟೀನಂತ ನೀ ಎಂದೂ ಕೇಳಿಲ್ಲ.
ತಗಿ. ಅದೂ ನೀಲಿ ಬಿಲ್ಲೆನ, ಅರ್ಧ ಒಡದದ್ದು.
ದುಧನಿಯ ಲಾಂಡ್ರಿ ಮಶಿನಿಗೆ
ಇಪ್ಪತ್ತೆರಡು ವರ್ಷದ ಹಿಂದ ನಾನೇ ಹಚ್ಚಿದ್ದು.
ಪ್ಯಾಟಿ ದೂರ, ಗಿರಾಕಿಗೆ ಅವಸರ, ಇಷ್ಟರ ಸಲುವಾಗಿ.
ಹುಡುಗ ಬದುಕಿದ. ಬಲಗೈಯ ಎರಡು ಬೆರಳು ಮಡಚೂದಿಲ್ಲ.
ಈಗೂ ಸಂತಿಯೊಳಗ ಕಂಡರ
ಆ ಕೈ ಎತ್ತೇ ನಮಸ್ಕಾರ ಮಾಡ್ತಾನ.
ಮುಚ್ಚಿಡು.

ಈಗ ಹೊಸಾದು ಹಿಡಿ. ಮುದ್ರಿ ಎಣಸಬ್ಯಾಡ, ಉಗುರಿನಿಂದ ಕೆರಿ.
ಅಕ್ಷರ ಎದ್ದು ಬಂದರ ಖೊಟ್ಟಿ, ಸೋಲಾಪುರಕ್ಕ ವಾಪಸ್.

*

ಸಂಜೀಕ ಒಯ್ದು ಕೊಟ್ಟಿವಿ, ನೆನಪದ ಏನು?
ಕಸ್ತೂರಬಾಯಿ ಒಂದೇ ಬೆರಳ ತುದಿ ಇಟ್ಟಳು.
“ಇನ್ನೂ ಅಂತದಲ್ಲೋ!”
ಮೀಟರಿನಾಗ ನೂರಾ ಹನ್ನೆರಡು.
ನೀ ನನ್ನ ಮಾರಿ ನೋಡಿದಿ. ನಾ ಗೋಡಿ ನೋಡಿದೆ.

ಸಾಕೆಟ್ಟು ಬಿಚ್ಚಿದರ, ಮ್ಯಾಲಿನ ದೊಡ್ಡ ತೂತಿನ ಹಿಂದ
ತಂತೀನ ಇಲ್ಲ. ಜ್ಯಾಡರ ಬಲಿ, ಒಣಗಿದ ಹಲ್ಲಿ ತತ್ತಿ.
ಹದಿನಾಲ್ಕು ವರ್ಷ ಮೂರನೇ ಪಿನ್ನು
ಯಾರೂ ಇಲ್ಲದ ಖೋಲಿಯೊಳಗ ಕೈ ಚಾಚಿ ನಿಂತಿತ್ತು.
ವೈ ಹನಿ ಹನಿ ತಂದು ಮೈಗೆ ಸುರೀತದ, ಅದರ ಕೆಲಸನ ಅದು.
ಒಯ್ಯೂ ನೆಲ ಇಲ್ಲಂದರ ಅದೇನು ಮಾಡೀತು?

ಮರುದಿನ ಹಾರಿ, ಸಲಿಕಿ. ಮ್ಯಾಲೆ ಎರಿ ಮಣ್ಣು, ಕೆಳಗ ಗರಸು.
ಇಸ್ತ್ರಿ ಅಂಗಡಿಯಿಂದ ಇದ್ದಲಿ, ಅವರ ಮನಿಯಿಂದ ಹಳ್ಳುಪ್ಪು,
ಪೈಪಿನ ಸುತ್ತ ಒಂದು ಥರ ಇದು, ಒಂದು ಥರ ಅದು.
ನಿನ್ನ ಅಂಗೈ ಬೊಕ್ಕಿ ಎದ್ದವು, ನೀ ಹೇಳಲಿಲ್ಲ.
ಕೊಡ ಕೊಡ ನೀರು ಕುಡೀತು ಆ ತಗ್ಗು.
“ನನ್ನ ಚಟ್ನಿಗೂ ನಾ ಇಷ್ಟು ಉಪ್ಪು ಹಾಕೂದಿಲ್ಲ,” ಅಂದಳು ಆಕಿ.

ಆಮ್ಯಾಲೆ ಇಡೀ ಅಂಗೈ ಇಟ್ಟಳು.
ತಗೀಲಿಲ್ಲ. ಇನ್ನೊಂದು ಕೈಯೂ ಇಟ್ಟಳು.
“ಏನೂ ಅನವಲ್ಲದು,” ಅಂದಳು,
ಮಿಕ್ಸರು ತನ್ನ ಮ್ಯಾಲೆ ಸಿಟ್ಟಾಗ್ಯದೋ ಅನ್ನೂ ಹಂಗ.

ಬಿಲ್ಲು ನೀನೇ ಬರದಿ.
ವೈ ಎರಡು, ಎಕ್ಸ್ ಒಂದು, ಪೈಪು, ತಂತಿ, ಕೂಲಿ.
ಕಡೀ ಸಾಲಿನಾಗ: ಉಪ್ಪು ಅವರದು.