ಮಿಕ್ಕರ್ಧ ಗಡ್ಡ

ಮೂವತ್ತೊಂದು ವರ್ಷದಿಂದ ಕಾಟನ್‌ಪೇಟೆಯ ಕುತ್ತಿಗೆಗಳನ್ನು ಹಿಡಿದಿದ್ದೇನೆ.
ಮುಖ ಮರೆತರೂ ಬೆರಳಿಗೆ ಕುತ್ತಿಗೆ ನೆನಪಿರುತ್ತೆ.

ಹೇನು ಕೆರೆದು ತಲೆ ಹುಣ್ಣಾದ ಹುಡುಗರಿಗೆ
ಕಿವಿಯ ಹಿಂದೆ ಗಂಟು, ನೆನೆಸಿಟ್ಟ ಕಡಲೆಯಷ್ಟು.
ಹಲ್ಲುನೋವಿನವರಿಗೆ ದವಡೆಯ ಕೆಳಗೆ:
ಮುಟ್ಟಿದರೆ ಹಾ ಅಂತಾರೆ,
ಒತ್ತಿದರೆ ಹುಣಸೆಬೀಜದ ಹಾಗೆ ಜಾರುತ್ತೆ.
ಅದಕ್ಕೆಲ್ಲ ನಾನು ಹೆದರುವುದಿಲ್ಲ.
ಮೈಯ ಗಲ್ಲಿಗಲ್ಲಿಗೂ ಒಬ್ಬ ಕಾವಲಿನವನು,
ಕಳ್ಳ ನುಗ್ಗಿದ ರಾತ್ರಿ ಊದುತ್ತಾನೆ,
ಎರಡು ಮೂರು ವಾರಕ್ಕೆ ಸುಮ್ಮನಾಗುತ್ತಾನೆ.
ಮುಂದಿನ ಕಟಿಂಗಿಗೆ ಹುಡುಕಿದರೂ ಸಿಗುವುದಿಲ್ಲ.

ದಸ್ತಗೀರ್ ಸಾಹೇಬರದು ಹಾಗಿರಲಿಲ್ಲ.
ಎಡಗಡೆ, ಕೊರಳೆಲುಬಿನ ಮೇಲಿನ ಗುಳಿಯಲ್ಲಿ,
ನೋವಿಲ್ಲ, ಜಾರುವುದಿಲ್ಲ,
ಗೋಡೆಗೆ ಬಡಿದ ಗೂಟದ ತಲೆ.
ರಂಜಾನಿಗೆ ಮುಂಚೆಯೂ ಇತ್ತು. ಇಷ್ಟಿರಲಿಲ್ಲ.

ಮಳೆ ಬರುತ್ತಾ ಅಂತ ಕೇಳುವ ಹಾಗೆ ಕೇಳಿದೆ:
ರಾತ್ರಿ ಬೆವರು?
"ಬನೀನು ಹಿಂಡಬೇಕು."
ಜ್ವರ?
"ಸಂಜೆ ಸಂಜೆ. ಬಿಡು, ಹತ್ತಿಯ ಧೂಳು."
ಮೈಗೆ ಹೊದಿಸುವ ಬಟ್ಟೆಯ ಪಿನ್ನು
ಈ ಸಲ ನಾಲ್ಕು ಬೆರಳು ಒಳಗೆ ಹಾಕಿದ್ದೆ.

"ನೋವೇ ಇಲ್ಲವಲ್ಲೋ" ಅಂದರು.
ಅದಕ್ಕೇ ಹೋಗಿ ಅಂದೆ.

ನಕ್ಕರು. ನಲವತ್ತು ವರ್ಷ ಹಾಸಿಗೆ ಹೊಲಿದ ಕೈ,
ಕಣ್ಣು ಮುಚ್ಚಿ, ಅಂಗೈ ಆಡಿಸಿ
ಹತ್ತಿಯೊಳಗಿನ ಗಂಟು ಹುಡುಕುವ ಕೈ.
ಆ ಕೈಯನ್ನೇ ಹಿಡಿದು ಅಲ್ಲಿಟ್ಟೆ.
ಬೆರಳು ಎರಡು ಸುತ್ತು ಬಂತು.
ಕನ್ನಡಿಯಲ್ಲಿ ನಗು ಇರಲಿಲ್ಲ.

ಹೆಸರು ನಾನು ಹೇಳಲಿಲ್ಲ, ನನಗೆ ಗೊತ್ತೂ ಇಲ್ಲ.
ಕ್ಷಯವಿರಬಹುದು, ತಿಂಗಳುಗಟ್ಟಲೆ ಮಾತ್ರೆಗೆ ಕರಗುವಂಥದ್ದು.
ಬೇರೆಯೂ ಇರಬಹುದು.
ನನ್ನ ಬೆರಳು ಬಾಗಿಲ ತನಕ,
ಒಳಗೆ ಹೋಗುವುದಕ್ಕೆ ಸೂಜಿಯೇ ಬೇಕು.

ನಾಳೆ ನಾಳೆ ಅನ್ನುವ ಜಾತಿ ಅವರದು.
ಅರ್ಧ ಗಡ್ಡಕ್ಕೇ ಕತ್ತಿ ಮಡಚಿದೆ.
ಮಿಕ್ಕರ್ಧ ವಿಕ್ಟೋರಿಯಾದ ಚೀಟಿ ತೋರಿಸಿದ ಮೇಲೆ.
ಬೈದರು. ನನ್ನ ಟವೆಲ್ಲನ್ನೇ ಮುಖಕ್ಕೆ ಸುತ್ತಿಕೊಂಡು ಹೋದರು.

ಮಾರನೆಯ ದಿನ ಮಂಗಳವಾರ, ಅಂಗಡಿಗೆ ರಜ.
ಕ್ಯೂನಲ್ಲಿ ಅವರ ಹಿಂದೆ ನಾನೂ ನಿಂತೆ.

ಮಧ್ಯಾಹ್ನ ಅರ್ಧ ಶಟರು ಎತ್ತಿ
ಕೊರಳಿನ ಬಿಳಿ ಪ್ಲಾಸ್ಟರಿಗೆ ನೊರೆ ತಾಗದ ಹಾಗೆ
ಮಿಕ್ಕಿದ್ದು ಮುಗಿಸಿದೆ.
ರಿಪೋರ್ಟು ಶನಿವಾರ.
ದುಡ್ಡು ಅರ್ಧವೇ ಕೊಟ್ಟರು.

ಏಳುವ ಮುಂಚೆ ಕುರ್ಚಿಯ ಮೆತ್ತೆ ಅದುಮಿ ನೋಡಿ,
"ಇಲ್ಲೊಂದು ಗಂಟಿದೆ ಕಣೋ ತಿಮ್ಮರಾಯಾ,
ಎಷ್ಟು ದಿನದಿಂದ ಇದರ ಮೇಲೆ ಜನರನ್ನ ಕೂರಿಸ್ತಿದ್ದೀಯ?
ಭಾನುವಾರ ತಾ.
ಬಿಚ್ಚಿ ನೋಡೋಣ."