ಐದನೇ ಬಾವಿ

ಬೆಳಗಿನ ಜಾವ ಮೂರೂ ಹತ್ತು.
ಲಾಂಗ್ ಐಲೆಂಡಿನ ಈ ಊರಲ್ಲಿ ಎಚ್ಚರವಿರುವುದು
ಬೇಗಲ್ ಅಂಗಡಿಯ ಒಲೆ, ರೈಲು ಹಳಿಯ ಕೆಂಪು ದೀಪ,
ಮತ್ತೆ ನಾನು, ಡೊರೀನ್ ಮಸ್ಕರೆಲ್ಲಿ,
ನೀರು ಇಲಾಖೆಯ ರಾತ್ರಿ ಪಾಳಿ,
ಸೊಂಟದಲ್ಲಿ ಹದಿನಾಲ್ಕು ಬೀಗದ ಕೈ.

ಹೊರಗಿನಿಂದ ನೋಡಿದರೆ ಇದೂ ಒಂದು ಮನೆ.
ಅಕ್ಕಪಕ್ಕದವರ ಕಣ್ಣಿಗೆ ಚುಚ್ಚದಿರಲೆಂದು
ಹೆಂಚು ಹೊದಿಸಿದ್ದಾರೆ, ಸುಳ್ಳು ಕಿಟಕಿ ಇಟ್ಟಿದ್ದಾರೆ.
ಹೋದ ವರ್ಷ ಹ್ಯಾಲೋವೀನ್ ದಿನ ಇಬ್ಬರು ಹುಡುಗರು
ಮಿಠಾಯಿ ಕೇಳಿ ಬಾಗಿಲು ಬಡಿದರು.
ನನ್ನ ಹತ್ತಿರ ಇದ್ದದ್ದು ಕೆಮ್ಮಿನ ಮಾತ್ರೆ. ಕೊಟ್ಟೆ.

ಒಳಗೆ ಉಕ್ಕಿನ ಕೊಳವೆ, ಕೊಳವೆಯೊಳಗೆ
ಸ್ಫಟಿಕದ ಅಂಗಿ ತೊಟ್ಟ ದೀಪಗಳು.
ಬರಿಗಣ್ಣಲ್ಲಿ ನೋಡುವಂತಿಲ್ಲ,
ಬೆಳಕಿಗೆಂದು ಹಚ್ಚಿದವಲ್ಲ ಅವು.
ಐದನೇ ಬಾವಿಯ ನೀರು
ಐನೂರು ಅಡಿಯ ಕತ್ತಲಿನಿಂದ ಎದ್ದು ಬಂದು
ಅವುಗಳ ಮುಂದೆ ಹಾಯುತ್ತದೆ.

ಅದರಲ್ಲಿ ಅಪ್ಪ ಇದ್ದಾನೆ.

ಇದ್ದಾನೆ ಎಂದರೆ, ಹೀಗೆ:
ಎಪ್ಪತ್ತೊಂದನೇ ಇಸವಿ, ವಿಮಾನದ ಬಿಡಿಭಾಗಗಳ ಶೆಡ್ಡು,
ಗ್ರೀಸು ಕಳೆಯುವ ತೊಟ್ಟಿ ಅವನ ಸುಪರ್ದಿ.
ಮದುವೆಯ ಉಂಗುರ ಮೊಳೆಗೆ ತೂಗುಹಾಕಿ
ಮೊಣಕೈವರೆಗೆ ಅದ್ದುತ್ತಿದ್ದ.
ಶುಕ್ರವಾರ ಸಂಜೆ ಕೊಳಕಾದ ದ್ರಾವಕದ ಬಕೆಟ್ಟು
ಬೇಲಿಯಾಚೆಯ ಮರಳಿಗೆ.
ಎಲ್ಲರೂ ಹಾಗೇ ಮಾಡುತ್ತಿದ್ದರು.
ಮರಳು ಕುಡಿಯಿತು, ಯಾರಿಗೂ ಹೇಳಲಿಲ್ಲ.
ಹೊಟ್ಟೆಯೊಳಗಿನ ನೀರು ಅಲುಗದ ಹಾಗೆ
ಮನೆಗೆ ಬಂದು ನನ್ನ ಲೆಕ್ಕ ತಿದ್ದುತ್ತಿದ್ದ.
ಅವನ ಬೆರಳಿಂದ ಪುಸ್ತಕಕ್ಕೆ ಒಂದು ಸಿಹಿ ವಾಸನೆ.
ನನಗೆ ಇವತ್ತಿಗೂ ಅದೇ ಭಾಗಾಕಾರದ ವಾಸನೆ.

ಆ ದ್ರಾವಕ ಕೆಡದಿರಲೆಂದು ಬೆರೆಸಿದ್ದು
ಡಯಾಕ್ಸೇನ್.
ನಾಲ್ಕು ಇಂಗಾಲ, ಎರಡು ಆಮ್ಲಜನಕ,
ಕೈ ಕೈ ಹಿಡಿದು ಒಂದು ಉಂಗುರ.
ಇದ್ದಿಲಿಗೆ ಅಂಟದು. ಗಾಳಿ ಊದಿದರೆ ಹಾರದು.
ನೀರಲ್ಲಿ ನೀರಿನ ಹಾಗೇ ಕೂತು
ಐವತ್ತು ವರ್ಷದಲ್ಲಿ ಒಂದೂವರೆ ಮೈಲಿ ತೆವಳಿ
ನನ್ನ ಪಾಳಿಗೆ ಬಂದು ಸೇರಿದೆ.

ನೂರು ಕೋಟಿ ಹನಿಗೆ ಒಂದು ಹನಿ, ಅದು ಮೀರಬಾರದು.
ಒಂದು ಹನಿಯೇ! ಅಪ್ಪ ನಕ್ಕ, ಆಸ್ಪತ್ರೆಯ ಹಾಸಿಗೆಯಲ್ಲಿ.
ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗಲ್ಲವೇನೇ ಇದು?

ವಿವರಿಸಲು ಹೋದೆ.
ನೀರಿಗೆ ಮೊದಲು ಪೆರಾಕ್ಸೈಡ್ ಬೆರೆಸುತ್ತೇವೆ ಅಪ್ಪ,
ನನ್ನ ತರಚಿದ ಮಂಡಿಗೆ ಹಚ್ಚುತ್ತಿದ್ದೆಯಲ್ಲ,
ನೊರೆ ಬರುತ್ತಿತ್ತು, ಅದೇ.
ದೀಪ ಅದನ್ನು ಸರಿಯಾಗಿ ನಡುವಿಗೆ ಸೀಳುತ್ತದೆ.
ಎರಡು ಹೋಳು, ಎರಡಕ್ಕೂ ತಾಳಲಾರದ ಹಸಿವು.
ಹೆಸರಿಡುವಷ್ಟು ಹೊತ್ತೂ ಬದುಕುವುದಿಲ್ಲ,
ಎವೆಯಿಕ್ಕುವುದರೊಳಗೆ ಅವುಗಳ ಲಕ್ಷ ತಲೆಮಾರು.
ಎದುರು ಸಿಕ್ಕಿದ್ದಕ್ಕೆ ಬಾಯಿ ಹಾಕುತ್ತವೆ.
ಉಂಗುರದಿಂದ ಒಂದು ಜಲಜನಕ ಕಿತ್ತರೆ ಸಾಕು,
ಬಿಚ್ಚಿಕೊಳ್ಳುತ್ತದೆ, ಮತ್ತೆ ತುಂಡು, ಮತ್ತೆ ತುಂಡು,
ಕೊನೆಗೆ ನಾವು ಉಸಿರಲ್ಲಿ ಬಿಡುತ್ತೇವಲ್ಲ ಅದು,
ಮತ್ತೆ ನೀರು.

ನೀರು ಅಂದೆಯಾ, ಅಂದ.
ಅಷ್ಟರಲ್ಲಿ ನರ್ಸ್ ಜೆಲ್ಲಿ ತಂದಳು.

ಅವನ ಕಾಯಿಲೆಗೂ ಆ ಬಕೆಟ್ಟಿಗೂ ನಂಟಿದೆಯೆಂದು
ಯಾರೂ ಬರೆದುಕೊಡಲಿಲ್ಲ. ನಾನೂ ಕೇಳಲಿಲ್ಲ.
ಶೆಡ್ಡಿನ ಜಾಗದಲ್ಲಿ ಈಗ ಹಾಸಿಗೆ ಮಾರುತ್ತಾರೆ,
ವರ್ಷವಿಡೀ ರಿಯಾಯಿತಿ.

ದಾಖಲೆ ಪುಸ್ತಕ: ಮೂರನೇ ದೀಪ ಮಂಕಾಗಿದೆ.
ಸ್ಫಟಿಕಕ್ಕೆ ಕಬ್ಬಿಣದ ಕಂದು ಹತ್ತಿದೆ, ಒರೆಸಬೇಕು.
ಮಾದರಿ ಬಾಟಲಿ ತುಂಬಿ, ಗುಳ್ಳೆಯಿಲ್ಲದ ಹಾಗೆ ಮುಚ್ಚಿ,
ಚೀಟಿ ಅಂಟಿಸಿ ಮಂಜುಗಡ್ಡೆಯ ಪೆಟ್ಟಿಗೆಗೆ.
ಲ್ಯಾಬಿನಿಂದ ಹೋದ ತಿಂಗಳ ಉತ್ತರ ಬಂದಿದೆ:
ಪತ್ತೆಯಾಗಿಲ್ಲ.
ಇಲ್ಲ ಎಂದು ಅವರು ಎಂದೂ ಬರೆಯುವುದಿಲ್ಲ.
ನಮ್ಮ ಯಂತ್ರಕ್ಕೆ ಕಾಣುವಷ್ಟು ಇಲ್ಲ, ಅಷ್ಟೇ.

ನಾಲ್ಕಕ್ಕೆ ಮೀಟರಿನ ಮುಳ್ಳು ಒಂದು ಕೂದಲೆಳೆ ಮಿಸುಕುತ್ತದೆ.
ಬೇಗಲ್ ಅಂಗಡಿಯ ಅಲೆಸಿಯೋ ನಲ್ಲಿ ತಿರುಗಿಸಿದ
ಎಂದು ನನ್ನ ಊಹೆ, ನಿಜವಿರಲಾರದು.
ಹಿಟ್ಟಿಗೆ ನೀರು ಹಾಕಿ, ನಾದಿ, ಹೊಸೆದು,
ಎರಡು ತುದಿ ಸೇರಿಸಿ ಹೆಬ್ಬೆರಳಲ್ಲಿ ಒತ್ತಿ
ಒಂದೊಂದಾಗಿ ಕುದಿಗೆ ಬಿಡುತ್ತಿರುತ್ತಾನೆ.